ಕಲ್ಯಾಣದ ಅಂಗಳದಲ್ಲಿ ಕುಣಿಯುವವರ ಮಾತು

ಬಸವಕಲ್ಯಾಣಕ್ಕೆ ಹಡಗು ಬರುವುದಿಲ್ಲ. ಬೀದರ್ ಜಿಲ್ಲೆಯ ಮಾಂಜ್ರಾ, ಕಾರಂಜಾ, ಮುಲ್ಲಾಮಾರಿ ಹೊಳೆಗಳು ಬೇಸಿಗೆ ಬಂದರೆ ಸೊರಗುವಂಥವು. ಪ್ರವಾಸಿಗರನ್ನು ಹೊತ್ತ ದೋಣಿಗೆ ಅಲ್ಲಿ ದಾರಿಯಿಲ್ಲ. ಬರುವವರು ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಬಂದು ಸಸ್ತಾಪುರ ಬಂಗ್ಲಾದ ಹತ್ತಿರ ಒಳಕ್ಕೆ ತಿರುಗುತ್ತಾರೆ. ಕೋಟೆ, 108 ಅಡಿ ಎತ್ತರದ ಬಸವಣ್ಣನ ಮೂರ್ತಿ, ಪರುಷಕಟ್ಟೆ, ತ್ರಿಪುರಾಂತ ಕೆರೆ, ಅಕ್ಕನಾಗಮ್ಮನ ಗವಿ, ಇಷ್ಟನ್ನು ನೋಡಿ ಮತ್ತೆ ಹೆದ್ದಾರಿ ಹಿಡಿದು ಹುಮನಾಬಾದಿಗೆ ಬಂದರೆ ವೀರಭದ್ರೇಶ್ವರನ ಗುಡಿ, ಪಕ್ಕದಲ್ಲೇ ಮಾಣಿಕನಗರ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದಿಗೆ ರೈಲಿನ ದಾರಿಯೂ ತೆರೆದಿದೆ. ವಾಹನ ಯಾವುದಾದರೂ ಇರಲಿ, ಇಂಥ ಪ್ರವಾಸದ ಲೆಕ್ಕಾಚಾರ ಹಡಗಿನ ಪ್ರವಾಸದ್ದೇ. ಒಂದು ಊರಿಗೆ ಇಷ್ಟು ಗಂಟೆ, ಅಷ್ಟರಲ್ಲಿ ಊಟ, ನೋಡುವುದು, ಕೊಳ್ಳುವುದು, ಸಾಧ್ಯವಾದರೆ ಊರಿನ ಕಲೆಯ ಒಂದು ತುಣುಕು. ಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಆಗ ಸುಮಾರು 500 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದ್ದ ಯೋಜನೆ ಅದು. ಅಷ್ಟು ದೊಡ್ಡ ಕಟ್ಟಡ ಎದ್ದು ನಿಂತಾಗ ಜನ ಈಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಬರುತ್ತಾರೆ. ಬಂದವರಿಗೆ ಜಾನಪದ ಕಾರ್ಯಕ್ರಮ ಇಟ್ಟುಕೊಳ್ಳೋಣ ಎಂಬ ಮಾತೂ ಬಂದೇ ಬರುತ್ತದೆ. ಆ ಕಾರ್ಯಕ್ರಮ ಹೇಗಿರಬೇಕು ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ನಮ್ಮ ರಾಜ್ಯದಲ್ಲಿ ನಿಜವಾಗಿಯೂ ಪ್ರವಾಸಿಗರ ಹಡಗು ಬಂದು ನಿಲ್ಲುವ ಊರು ಮಂಗಳೂರು. ಅಲ್ಲಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿಗರ ಹಡಗುಗಳು ಬರುತ್ತವೆ. ಬೆಳಗ್ಗೆ ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ ನೋಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಬಂದರಿನ ಕಟ್ಟೆಯಲ್ಲಿ ಅವರನ್ನು ಎದುರುಗೊಳ್ಳುವುದು ಚೆಂಡೆ ಮತ್ತು ಯಕ್ಷಗಾನದ ವೇಷ. ಕಿರೀಟ, ಭುಜಕೀರ್ತಿ, ಬಣ್ಣ, ಗೆಜ್ಜೆ ಎಲ್ಲವೂ ಇರುತ್ತವೆ, ನಾಲ್ಕು ಹೆಜ್ಜೆ ಕುಣಿತವೂ ಆಗುತ್ತದೆ, ಬಂದವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದರಲ್ಲಿ ಯಾರ ಅವಮಾನವೂ ಇಲ್ಲ, ಕಲಾವಿದರಿಗೆ ಒಂದು ದಿನದ ದುಡಿಮೆ ಸಿಗುತ್ತದೆ. ಆದರೆ ಯಕ್ಷಗಾನದ ಅರ್ಧ ಜೀವ ಇರುವುದು ಅರ್ಥಗಾರಿಕೆಯಲ್ಲಿ. ಭಾಗವತರ ಪದ ಮುಗಿದ ಕೂಡಲೇ ವೇಷಧಾರಿ ಬಾಯಿ ತೆರೆದು, ಬರೆದಿಟ್ಟದ್ದೇನೂ ಇಲ್ಲದೆ, ಎದುರು ಪಾತ್ರದ ಮಾತಿಗೆ ಮಾತು ಕೊಟ್ಟು ಕರ್ಣನನ್ನೋ ವಾಲಿಯನ್ನೋ ತನ್ನ ಬುದ್ಧಿಯಿಂದ ಮತ್ತೆ ಕಟ್ಟುತ್ತಾನೆ. ಬಂದರಿನ ಕಟ್ಟೆಯಲ್ಲಿ ಬಿಟ್ಟುಹೋಗುವುದು ಅದೇ. ಸಮಯ ಸಾಲದು, ಭಾಷೆ ತಿಳಿಯದು ಎಂಬ ಕಾರಣಕ್ಕೆ ಮೊದಲು ಕತ್ತರಿಸುವುದು ಮಾತನ್ನು. ಉಳಿದದ್ದರಲ್ಲಿ ಆ ಮನುಷ್ಯ ಏನು ಬಲ್ಲ, ಏನು ಯೋಚಿಸುತ್ತಾನೆ ಎಂಬುದಕ್ಕೆ ಜಾಗವಿಲ್ಲ.

ಹುಮನಾಬಾದಿನಲ್ಲಿ ವೀರಭದ್ರನ ಹೆಸರಿನಲ್ಲಿ ಕುಣಿಯುವ ಪುರವಂತರ ವಿಷಯಕ್ಕೆ ಬಂದರೆ ಈ ಕತ್ತರಿಯ ಪೆಟ್ಟು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ರಾಜಾ ರಾಮಚಂದ್ರ ಜಾಧವ 1725ರಲ್ಲಿ ಕಟ್ಟಿಸಿದನೆಂದು ಹೇಳುವ ಅಲ್ಲಿಯ ವೀರಭದ್ರೇಶ್ವರ ಗುಡಿಯ ಜಾತ್ರೆ ಜನವರಿ ತಿಂಗಳಲ್ಲಿ ನಡೆಯುತ್ತದೆ. ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದಿಂದಲೂ ಒಕ್ಕಲುಗಳು ಬರುತ್ತವೆ. ಪುರವಂತನ ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಎದೆಗೆ ವೀರಭದ್ರನ ಮುಖವಿರುವ ಲೋಹದ ಫಲಕ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ. ದೂರದಿಂದ ನೋಡುವವರ ಕಣ್ಣಿಗೆ ಬೀಳುವುದು ಈ ವೇಷ ಮತ್ತು ಶಸ್ತ್ರ. ಹತ್ತಿರ ನಿಂತವರಿಗೆ ಮುಖ್ಯವಾಗುವುದು ಒಡಪು. ವಾದ್ಯ ಥಟ್ಟನೆ ನಿಲ್ಲುತ್ತದೆ. ಪುರವಂತ ಒಂದೆರಡು ಹೆಜ್ಜೆ ಮುಂದೆ ಬಂದು ದಕ್ಷಯಜ್ಞದ ಕಥೆಯನ್ನು ಏರುದನಿಯಲ್ಲಿ ಹೇಳಲು ತೊಡಗುತ್ತಾನೆ. ಹಾಡೂ ಅಲ್ಲದ, ಬರೀ ಮಾತೂ ಅಲ್ಲದ ಧಾಟಿ ಅದು. ಉಸಿರು ತೀರುವ ತನಕ ಒಂದೇ ಎಳೆ, ಉಸಿರು ತಿರುಗಿಸುವ ಗಳಿಗೆಗೆ ಸರಿಯಾಗಿ ವಾದ್ಯದ ಒಂದು ಹೊಡೆತ, ಮತ್ತೆ ಮಾತು. ಕರೆಯದ ಯಜ್ಞಕ್ಕೆ ಹೋದ ದಾಕ್ಷಾಯಿಣಿಗೆ ಆದ ಅವಮಾನ, ಶಿವನ ಸಿಟ್ಟು, ಜಡೆಯಿಂದ ಹುಟ್ಟಿದ ವೀರಭದ್ರ, ಇವೆಲ್ಲ ಆ ಮಾತಿನಲ್ಲಿ ಒಂದೊಂದಾಗಿ ಬೆಳೆಯುತ್ತವೆ. ಆಮೇಲೆ ಬರುವ ಕುಣಿತಕ್ಕೂ, ವಿಭೂತಿ ಹಚ್ಚಿ ಕೆನ್ನೆಯಲ್ಲಿ ಹಾಯಿಸುವ ಶಸ್ತ್ರಕ್ಕೂ ಅರ್ಥ ಕೊಡುವುದು ಒಡಪೇ. ಅದನ್ನು ತೆಗೆದುಬಿಟ್ಟರೆ ನೋಡುಗನಿಗೆ ಉಳಿಯುವುದು ಕತ್ತಿ ಹಿಡಿದು ಜಿಗಿಯುವ ಒಬ್ಬ ಗಂಡಸು ಮತ್ತು ಕೆನ್ನೆಗೆ ಚುಚ್ಚಿದ ಸರಳು, ಅಷ್ಟೆ. ಯಾಕೆ ಸಿಟ್ಟು, ಯಾರ ಮೇಲೆ ಸಿಟ್ಟು ಎಂಬುದು ತಿಳಿಯದೆ ಅವನು ದಿಗಿಲು ಬಿದ್ದು ಫೋಟೊ ತೆಗೆದುಕೊಂಡು ಹೋಗುತ್ತಾನೆ.

ನನ್ನ ವಾದ ಇಷ್ಟು. ಪ್ರವಾಸಿಗನ ಮುಂದೆ, ಹಣ ಪಡೆದು, ಹೊತ್ತಿಗೆ ಸರಿಯಾಗಿ ಕುಣಿಯುವುದರಲ್ಲಿ ತಪ್ಪಿಲ್ಲ. ಕುಣಿಯುವವನ ಮಾತನ್ನು ಕಿತ್ತುಕೊಂಡು ಮೈಯನ್ನಷ್ಟೇ ಉಳಿಸಿಕೊಳ್ಳುವುದು ತಪ್ಪು. ಇದನ್ನು ಬೇರೆ ಯಾವ ಊರಿಗಿಂತಲೂ ಕಲ್ಯಾಣದಲ್ಲಿ ನಿಂತು ಹೇಳಬೇಕು. ಆಡಿ ತೋರಿಸುವವರನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಕಂಡ ಎರಡು ಸಭೆಗಳು ಒಂದೇ ಶತಮಾನದಲ್ಲಿ ಇದ್ದ ಊರು ಇದು.

ಮೊದಲನೆಯದು ಅರಮನೆಯ ಸಭೆ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಅವನ ಮೊಮ್ಮಗ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಿರುವ ಆ ಗ್ರಂಥದಲ್ಲಿ ಒಂದು ಭಾಗ ಪೂರ್ತಿ ರಾಜನ ವಿನೋದಗಳಿಗೇ ಮೀಸಲು: ಗೀತ, ವಾದ್ಯ, ನೃತ್ಯ, ಕಥೆ, ಹೀಗೆ. ನಟ, ನರ್ತಕಿ, ವೈತಾಳಿಕ, ಚಾರಣ, ಕಸರತ್ತು ಮಾಡುವ ಕೊಲ್ಲಾಟಿಕ, ಯಾರನ್ನೂ ಬಿಡದೆ ಅವನು ವಿಂಗಡಿಸುತ್ತಾನೆ. ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ ಓವಿಯೂ ಅವನ ಕಿವಿಗೆ ಬಿದ್ದಿದೆ. ಒಬ್ಬ ರಾಜ ಒನಕೆಯ ಹಾಡನ್ನು ಗ್ರಂಥಕ್ಕೆ ಸೇರಿಸಿದ್ದು ದೊಡ್ಡ ಮಾತು. ಗಡಿಯ ಈ ಭಾಗದಲ್ಲಿ ಓವಿ ಇಂದಿಗೂ ಬದುಕಿರುವುದರಿಂದ ಅದರ ಬೆಲೆ ನಮಗೆ ಇನ್ನೂ ಹೆಚ್ಚು. ಆದರೂ ಆ ಗ್ರಂಥ ನೋಡುವುದು ಸಿಂಹಾಸನದ ಮೇಲಿಂದ. ಆಡುವವರು ಹೇಗಿರಬೇಕು, ಯಾವ ಸಂದರ್ಭದಲ್ಲಿ ಆಡಿಸಬೇಕು ಎಂಬುದೆಲ್ಲ ಅಲ್ಲಿದೆ. ಆಡುವವರ ಮಾತು ಇಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಶಿವಾಲಯದಲ್ಲಿ ಇದೇ ಸಂಗತಿ ಕಲ್ಲಿನಲ್ಲಿ ಕಾಣುತ್ತದೆ. ಚಾಲುಕ್ಯ ಕಾಲದ ಆ ಗುಡಿಯ ಹೊರಗೋಡೆಯಲ್ಲಿ ಶಿಲಾಬಾಲಿಕೆಯರು ಸಾಲಾಗಿ ನಿಂತಿದ್ದಾರೆ. ಅವರಲ್ಲೊಬ್ಬಳು ಬೆನ್ನು ತಿರುಗಿಸಿ, ಕೈ ಮೇಲೆತ್ತಿ ಬರೆಯುತ್ತಿದ್ದಾಳೆ. ಅವಳ ಕೈಯಡಿ ಮೂಡಿರುವ ಅಕ್ಷರಗಳು ಶಿಲ್ಪಿ ಕೊರೆದ ಅಲಂಕಾರವಲ್ಲ, ಓದಿದರೆ ಅರ್ಥವಾಗುವ ನಿಜವಾದ ಶಾಸನ. ಅದರಲ್ಲಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಇಷ್ಟು ಚೆಲುವಾದ ಶಿಲ್ಪ ಈ ಭಾಗದಲ್ಲಿ ಬೇರೆ ಇಲ್ಲವೆಂದೇ ನನಗನಿಸುತ್ತದೆ. ಬರೆಯುವ ಹೆಣ್ಣನ್ನು ಶಿಲ್ಪಿ ಕಲ್ಪಿಸಿಕೊಂಡ. ಬರೆಯಲು ಅವಳಿಗೆ ಕೊಟ್ಟದ್ದು ರಾಜನ ಕೀರ್ತಿಯನ್ನು.

ಎರಡನೆಯ ಸಭೆ ‘ಮಾನಸೋಲ್ಲಾಸ’ದ ಬಳಿಕ ಸುಮಾರು ಮೂರು ದಶಕಗಳಲ್ಲಿ ಅದೇ ಊರಿನಲ್ಲಿ ನೆರೆಯಿತು. ಬಸವಣ್ಣನವರ ಸುತ್ತ ಸೇರಿದ ಶರಣರೆಂದರೆ ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಅಕ್ಕಿ ಆಯುವವ ಎಂದು ನೆನೆಯುವುದು ರೂಢಿ. ಅವರ ನಡುವೆ ಆಡಿ ತೋರಿಸಿ ಬದುಕುವವರು ಎಷ್ಟು ಜನ ಇದ್ದರೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬಹುರೂಪಿ ಚೌಡಯ್ಯ ವೇಷ ಕಟ್ಟಿ ಬೀದಿಯಲ್ಲಿ ಆಡುವವನು. ನಗೆಯ ಮಾರಿತಂದೆಗೆ ಜನರನ್ನು ನಗಿಸುವುದೇ ಕಾಯಕ. ಢಕ್ಕೆಯ ಬೊಮ್ಮಣ್ಣ ಢಕ್ಕೆ ಬಾರಿಸಿ ಬದುಕಿದವನು. ಕಲಕೇತಯ್ಯ ಕಿಳ್ಳೇಕೇತರ ವೇಷದಲ್ಲಿ ಮನೆ ಮನೆಯ ಮುಂದೆ ಕುಣಿದವನು. ಕಿನ್ನರಿ ಬೊಮ್ಮಯ್ಯನ ಕೈಯಲ್ಲಿ ಕಿನ್ನರಿ. ಇವರೆಲ್ಲರೂ ಅಪರಿಚಿತರ ಮುಂದೆ, ಸಂಭಾವನೆ ಪಡೆದು ಕಲೆ ತೋರಿಸಿದವರೇ. ಕಲ್ಯಾಣ ಅದನ್ನು ಕೀಳೆಂದು ಎಣಿಸಲಿಲ್ಲ. ಬಟ್ಟೆ ಒಗೆಯುವುದು ಹೇಗೆ ಕಾಯಕವೋ ನಗಿಸುವುದೂ ಹಾಗೆಯೇ ಕಾಯಕ ಎಂದಿತು. ಇನ್ನೂ ದೊಡ್ಡ ಸಂಗತಿ ಎಂದರೆ, ಆಟ ಮುಗಿದ ಮೇಲೆ ಇವರನ್ನು ಹಿಂಬಾಗಿಲಿಂದ ಕಳಿಸಲಿಲ್ಲ. ಕೂರಿಸಿಕೊಂಡು ಅನುಭವದ ಮಾತು ಕೇಳಿತು. ಮಾರಿತಂದೆ ‘ಆತುರವೈರಿ ಮಾರೇಶ್ವರ’ ಎಂಬ ಅಂಕಿತದಲ್ಲಿ, ಕಲಕೇತಯ್ಯ ‘ಮೇಖಲೇಶ್ವರಲಿಂಗ’ ಎಂಬ ಅಂಕಿತದಲ್ಲಿ ಬರೆದ ವಚನಗಳು ಈಗಲೂ ನಮ್ಮ ಕೈಯಲ್ಲಿವೆ. ತಮ್ಮ ವೇಷ, ತಮ್ಮ ವಾದ್ಯ, ತಮ್ಮ ಕುಣಿತ ಇವನ್ನೇ ಹಿಡಿದು ಅವರು ತತ್ವ ಹೇಳಿದರು.

ಇಲ್ಲಿ ಇತಿಹಾಸ ಬಲ್ಲವರು ತಡೆಯಬಹುದು. ಅನುಭವ ಮಂಟಪದ ಚರ್ಚೆಗಳ ವಿಸ್ತಾರವಾದ ಚಿತ್ರ ನಮಗೆ ಸಿಗುವುದು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಗಳಲ್ಲಿ. 770 ಅಮರಗಣಂಗಳ ಲೆಕ್ಕವೂ ಪರಂಪರೆ ಕಟ್ಟಿಕೊಟ್ಟದ್ದು. ಇಂಥವನು ಇಂಥ ದಿನ ಇಂಥ ಕಟ್ಟೆಯ ಮೇಲೆ ಕೂತಿದ್ದ ಎಂದು ಯಾವ ಶಾಸನ ಹೇಳುತ್ತದೆ? ಆಕ್ಷೇಪ ಸರಿಯಾಗಿಯೇ ಇದೆ. ಮಂಟಪದ ಕಂಬಗಳ ಲೆಕ್ಕ ನನ್ನ ವಾದಕ್ಕೆ ಬೇಕಿಲ್ಲ. ಆಡಿ ಬದುಕುವವರ ಹೆಸರಿನಲ್ಲಿ, ಅವರ ಕಸುಬಿನ ಪರಿಭಾಷೆಯಲ್ಲಿ ವಚನಗಳಿವೆ, ಅವನ್ನು ಶತಮಾನಗಳ ಕಾಲ ಓಲೆಗರಿಯಲ್ಲಿ ಪ್ರತಿ ಮಾಡಿ ಉಳಿಸಿಕೊಳ್ಳಲಾಗಿದೆ ಎಂಬುದಷ್ಟೇ ಸಾಕು. ಬೀದಿಯ ವೇಷಗಾರನ ಮಾತು ಕಾಪಾಡಿ ಇಡಬೇಕಾದ ಮಾತು ಎಂದು ಒಂದು ಸಮಾಜ ತಿಳಿದಿತ್ತು. ಅರಮನೆಯ ಗ್ರಂಥದಲ್ಲಿ ಇಲ್ಲದ್ದು ಅದೇ.

ಇನ್ನೊಂದು ಆಕ್ಷೇಪ ಬರುವುದು ಎದುರು ದಿಕ್ಕಿನಿಂದ. ಜಾನಪದ ಬದುಕುವುದು ಜಾತ್ರೆಯಲ್ಲಿ, ಹರಕೆಯಲ್ಲಿ, ಹೊಲದಲ್ಲಿ. ಅದನ್ನು ಪ್ರವಾಸಿಗನ ಮುಂದೆ ತಂದರೆ ಸತ್ತಂತೆಯೇ ಎಂದು ಹೇಳುವವರಿದ್ದಾರೆ. ಈ ಕಾಳಜಿಯನ್ನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಪುರವಂತರು ಜಾತ್ರೆಗಷ್ಟೇ ಕುಣಿಯುವವರಲ್ಲ. ಮದುವೆಯ ಗುಗ್ಗಳಕ್ಕೆ, ಹೊಸ ಮನೆಯ ಪ್ರವೇಶಕ್ಕೆ ಕರೆದವರ ಬೀದಿಗೆ ಹೋಗಿ, ಮೆರವಣಿಗೆಯ ಉದ್ದಕ್ಕೆ ತಕ್ಕಂತೆ ಒಡಪನ್ನು ಹಿಗ್ಗಿಸಿ ಕುಗ್ಗಿಸಿ ಹೇಳುವುದು ಅವರಿಗೆ ಹೊಸದಲ್ಲ. ಇನ್ನು ಜಾತ್ರೆಯಲ್ಲಿ ಎಲ್ಲವೂ ಪಾವನವಾಗಿತ್ತು ಎನ್ನುವುದೂ ಪೂರ್ತಿ ನಿಜವಲ್ಲ. ಹಲಗೆ ಬಾರಿಸುವುದು ಕೆಲವರ ಹುಟ್ಟಿಗೆ ಅಂಟಿದ ಬಿಟ್ಟಿ ಚಾಕರಿಯಾಗಿತ್ತು. ಅದನ್ನು ಒಲ್ಲೆ ಎಂದು ದಲಿತರು ಹಲಗೆ ಕೆಳಗಿಟ್ಟ ಊರುಗಳು ಕರ್ನಾಟಕದಲ್ಲಿ ಎಷ್ಟೋ ಇವೆ. ಅಂಥವರಿಗೆ ಕೂಲಿ ಗೊತ್ತುಮಾಡಿ, ಹೆಸರು ಹೇಳಿ ಕರೆಯುವ ವೇದಿಕೆ ಬಿಡುಗಡೆಯೂ ಆಗಬಹುದು. ಮಂಜಮ್ಮ ಜೋಗತಿಯವರ ಉದಾಹರಣೆ ಎಲ್ಲರಿಗೂ ಗೊತ್ತು. ಎಲ್ಲಮ್ಮನ ಜೋಗತಿ ಕುಣಿತವನ್ನು ಅವರು ವೇದಿಕೆಗೆ ತಂದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ಕುಣಿದದ್ದನ್ನಷ್ಟೇ ನಾಡು ನೋಡಲಿಲ್ಲ, ಅವರು ತಮ್ಮ ಬಾಳಿನ ಬಗ್ಗೆ ಆಡಿದ ಮಾತನ್ನೂ ಕೇಳಿತು. ವೇದಿಕೆ ಒಬ್ಬರನ್ನು ಎತ್ತರಕ್ಕೆ ಒಯ್ದದ್ದು ಆ ಮಾತು ಜೊತೆಗಿದ್ದುದರಿಂದ.

ಹೊರಗಿನ ಲೋಕದಲ್ಲಿ ಇದಕ್ಕೆ ಬಾಲಿ ದ್ವೀಪದ ನಿದರ್ಶನವಿದೆ. ಅಲ್ಲಿಯ ಪ್ರಸಿದ್ಧ ಕೇಚಕ್ ನೃತ್ಯ ಹಳೆಯ ಸಾಂಘ್ಯಾಂಗ್ ಆಚರಣೆಯ ಗಂಡಸರ ಮೇಳಗಾನದಿಂದ 1930ರ ದಶಕದಲ್ಲಿ ರೂಪುಗೊಂಡಿತು. ವಾಯನ್ ಲಿಂಬಾಕ್ ಎಂಬ ಸ್ಥಳೀಯ ಕಲಾವಿದ ಮತ್ತು ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರ ಕೂಡಿ ಅದಕ್ಕೆ ರಾಮಾಯಣದ ಕಥೆ ಜೋಡಿಸಿದರು, ನೋಡುಗರಲ್ಲಿ ವಿದೇಶಿಯರೇ ಹೆಚ್ಚು. ಪ್ರವಾಸಿಗನಿಗಾಗಿ ಹುಟ್ಟಿದ ಕಲೆಯೂ ಗಟ್ಟಿಯಾಗಿ ಬಾಳಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಅದಕ್ಕಿಂತ ನಮಗೆ ಉಪಯುಕ್ತವಾದದ್ದು 1971ರಲ್ಲಿ ಬಾಲಿಯಲ್ಲಿ ನಡೆದ ವಿಚಾರ ಸಂಕಿರಣ. ಪ್ರವಾಸಿಗರು ಗುಡಿಯ ಕುಣಿತಗಳನ್ನೂ ಹೋಟೆಲಿನಲ್ಲಿ ಕೇಳತೊಡಗಿದಾಗ ಬಾಲಿಯವರೇ ಕೂತು ತಮ್ಮ ನೃತ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಗುಡಿಯ ಒಳಗಿನ ವಿಧಿಗೆ ಸೇರಿದವು, ವಿಧಿಯ ಜೊತೆಗೆ ನಡೆಯುವವು, ಯಾರಿಗೆ ಬೇಕಾದರೂ ತೋರಿಸಬಹುದಾದವು. ಆ ಗೆರೆ ಎಲ್ಲ ಕಡೆಯೂ ಕಟ್ಟುನಿಟ್ಟಾಗಿ ಉಳಿಯಿತೆಂದು ಹೇಳಲಾಗದು. ಗೆರೆ ಎಳೆಯುವ ಹಕ್ಕು ತಮ್ಮದು ಎಂದು ಅವರು ಸಾರಿದ್ದು ಮುಖ್ಯ. ಪುರವಂತರ ಶಸ್ತ್ರ ವೇದಿಕೆಯ ಮೇಲೆ ಬರಬೇಕೇ ಬೇಡವೇ ಎಂಬ ಪ್ರಶ್ನೆಗೂ ಇದೇ ಉತ್ತರ. ಅದನ್ನು ನಿರ್ಧರಿಸಬೇಕಾದವರು ಪ್ರವಾಸೋದ್ಯಮದ ಅಧಿಕಾರಿಯೂ ಅಲ್ಲ, ನನ್ನಂಥ ಬರಹಗಾರನೂ ಅಲ್ಲ. ಶಸ್ತ್ರ ಹಿಡಿಯುವ ಪುರವಂತರು ಮತ್ತು ಅವರ ಒಕ್ಕಲುಗಳು. ಹಾಗೆಯೇ ಈ ಸೀಮೆಯ ಬುಲಾಯಿ ಪದ ಹಾಡುವ ಹೆಂಗಸರು ಅದು ತಮ್ಮ ಅಂಗಳದ ಹಾಡು, ಮೈಕಿನ ಮುಂದೆ ಬೇಡ ಎಂದರೆ ಅದೂ ಸರಿಯೇ.

ಬಂದವರಿಗೆ ಭಾಷೆ ತಿಳಿಯದಿದ್ದರೆ ಮಾತು ಕೇಳಿಸಿ ಏನು ಫಲ ಎಂಬುದು ಗಟ್ಟಿಯಾದ ಆಕ್ಷೇಪ. ಮಂಗಳೂರಿನ ಬಂದರಿನಲ್ಲಿ ಅದಕ್ಕೆ ಉತ್ತರ ಕೊಡುವುದು ಕಷ್ಟ. ಕಲ್ಯಾಣ–ಹುಮನಾಬಾದಿನಲ್ಲಿ ಕಷ್ಟವಿಲ್ಲ, ಏಕೆಂದರೆ ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕನ್ನಡ, ಮರಾಠಿ, ತೆಲುಗು, ದಖನಿ ಆಡುವವರು, ಮತ್ತು ಇಲ್ಲಿಯ ಜನರಿಗೆ ಆ ನಾಲ್ಕೂ ಮಾತುಗಳ ಬಳಕೆಯಿದೆ. 1948ರ ತನಕ ಹೈದರಾಬಾದ್ ಸಂಸ್ಥಾನದಲ್ಲಿದ್ದು 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಜಿಲ್ಲೆಯಿದು. ಸಂತೆಯಲ್ಲಿ ಒಂದೇ ವ್ಯವಹಾರ ಮೂರು ಭಾಷೆಯಲ್ಲಿ ಮುಗಿಯುತ್ತದೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಸನ್–ಹುಸೇನರ ಕಥೆಯನ್ನು ಕನ್ನಡದಲ್ಲಿ ಹಾಡುವವರು ಇದೇ ಊರುಗಳಲ್ಲಿದ್ದಾರೆ. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬೆಳೆದು, 1845ರಲ್ಲಿ ಮಾಣಿಕನಗರ ಕಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ರಚಿಸಿದ್ದು, ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯವನ್ನು ಕಟ್ಟಿದ್ದು ಇಂಥ ನೆಲದಲ್ಲಿ. ಅವರ ಸಂಸ್ಥಾನದಲ್ಲಿ ದತ್ತ ಜಯಂತಿಯ ಹೊತ್ತಿಗೆ ದರ್ಬಾರು ನೆರೆದಾಗ ಸಂಗೀತಗಾರರು ದೂರದಿಂದ ಬಂದು ಹಾಡುತ್ತಾರೆ, ಕೇಳುವವರೂ ದೂರದಿಂದ ಬರುತ್ತಾರೆ. ಯಾರಿಗೂ ಹಾಡು ಪರಕೀಯ ಎನಿಸುವುದಿಲ್ಲ. ದಕ್ಷಯಜ್ಞದ ಕಥೆಯನ್ನು ಮೂರು ವಾಕ್ಯ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳಿ ಆಮೇಲೆ ಕನ್ನಡದ ಒಡಪನ್ನು ಪೂರ್ತಿ ಕೇಳಿಸಬಲ್ಲ ಕಲಾವಿದರಿಗೆ ಈ ಸೀಮೆಯಲ್ಲಿ ಬರವಿಲ್ಲ. ಅವರಿಗೆ ಬೇಕಾದದ್ದು ಆ ಕೆಲವು ನಿಮಿಷಗಳು.

ನಿಮಿಷಗಳ ವಿಷಯದಲ್ಲಿ ಪ್ರವಾಸ ಏರ್ಪಡಿಸುವವರು ಕೈಚೆಲ್ಲುತ್ತಾರೆ: ಸಂಜೆಯೊಳಗೆ ಕಲಬುರಗಿಯನ್ನೋ ಹೈದರಾಬಾದನ್ನೋ ಮುಟ್ಟಬೇಕಾದವರು ಜಾತ್ರೆಗೆ ಕಾಯಲಾರರು. ಕಾಯಬೇಕಿಲ್ಲ. ಅರ್ಧ ಗಂಟೆಯಲ್ಲಿ ಐದು ತಂಡಗಳನ್ನು ಒಂದರ ಹಿಂದೆ ಒಂದು ಓಡಿಸುವ ಬದಲು ಒಂದೇ ತಂಡವನ್ನು ಕೂರಿಸಿ ಕೇಳಬಹುದು. ಇಂದು ಪುರವಂತರು, ನಾಳೆ ಚಕ್ರಿ ಭಜನೆ, ನಾಡಿದ್ದು ತಾಂಡಾದ ಲಂಬಾಣಿ ಹೆಂಗಸರು. ಕುಣಿತ ಹತ್ತು ನಿಮಿಷವಾದರೆ ಮಾತು ಇಪ್ಪತ್ತು ನಿಮಿಷವಿರಲಿ. ಚಕ್ರಿ ಭಜನೆಯವರು ತಾಳ ಹಿಡಿದು ಸುತ್ತು ತಿರುಗುವುದನ್ನು ನೋಡಿದವರಿಗೆ, ಅಷ್ಟು ತಿರುಗಿಯೂ ಪದದ ಸೊಲ್ಲು ತಪ್ಪದಿರುವುದು ಹೇಗೆ ಎಂದು ಕೇಳುವ ಆಸೆ ಇದ್ದೇ ಇರುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರು ನಿರೂಪಕರಲ್ಲ, ತಿರುಗಿದವರು. ಇನ್ನೂ ಹೆಚ್ಚು ಬೇಕೆನಿಸಿದವರಿಗೆ ಜನವರಿಯ ಜಾತ್ರೆ, ಡಿಸೆಂಬರಿನ ಆಸುಪಾಸಿನ ದತ್ತ ಜಯಂತಿ, ಮೊಹರಂ, ಬಸವ ಜಯಂತಿಗಳ ದಿನಾಂಕಗಳನ್ನು ಕೈಗಿಟ್ಟು ಕಳಿಸಿದರೆ ಅವರು ಮತ್ತೆ ಬರುವುದಕ್ಕೂ ದಾರಿಯಾಗುತ್ತದೆ.

ಹೊಸ ಅನುಭವ ಮಂಟಪದ ಪರಿಕಲ್ಪನೆಗೆ ವರದಿ ಕೊಟ್ಟ ಸಮಿತಿಗೆ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರಾಗಿದ್ದರು. ವಚನ ಮತ್ತು ಜಾನಪದ ಎರಡರಲ್ಲೂ ಬಾಳಿಡೀ ದುಡಿದವರು ಅವರು. ಆ ಎರಡು ಹೊಳೆಗಳು ಕಲ್ಯಾಣದಲ್ಲಿ ಬೇರೆಯಾಗಿ ಹರಿಯಲಿಲ್ಲ ಎಂಬುದಕ್ಕೆ ಚೌಡಯ್ಯ, ಮಾರಿತಂದೆ, ಬೊಮ್ಮಣ್ಣ, ಕಲಕೇತಯ್ಯರೇ ಆಧಾರ. ಹಾಗಾಗಿ ಆ ಕಟ್ಟಡದ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಸಮಿತಿ ರಚನೆಯಾಗುವಾಗ ಅದರಲ್ಲಿ ಸ್ವಾಮಿಗಳು, ಪ್ರಾಧ್ಯಾಪಕರು, ಅಧಿಕಾರಿಗಳ ಜೊತೆಗೆ ಪುರವಂತರೊಬ್ಬರು, ಹಲಗೆಯವರೊಬ್ಬರು, ಬುಲಾಯಿ ಪದ ಬಲ್ಲ ಹೆಣ್ಣುಮಗಳೊಬ್ಬರು ಸದಸ್ಯರಾಗಿ ಕೂರಬೇಕು. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು, ಎಷ್ಟು ಹೊತ್ತು, ಯಾವ ಕೂಲಿಗೆ, ಹಣ ಅಂದೇ ಕೈಸೇರುತ್ತದೆಯೋ ತಿಂಗಳುಗಟ್ಟಲೆ ಕಡತದಲ್ಲಿ ಉಳಿಯುತ್ತದೆಯೋ, ಈ ಪ್ರಶ್ನೆಗಳಿಗೆ ಅವರ ಒಪ್ಪಿಗೆಯಿಲ್ಲದೆ ಉತ್ತರ ಬರೆಯಬಾರದು. ಆಹ್ವಾನ ಪತ್ರಿಕೆಯಲ್ಲಿ ‘ಜಾನಪದ ತಂಡದವರಿಂದ’ ಎಂಬ ಒಂದು ಸಾಲಿನ ಬದಲು ಒಡಪು ಹೇಳುವವರ ಹೆಸರು, ಊರು, ಕಲಿಸಿದವರ ಹೆಸರು ಅಚ್ಚಾಗಬೇಕು. ಇದಕ್ಕೆ ಯೋಜನೆಯ ಹಣದ ಜೊತೆ ಹೊಸದಾಗಿ ಏನೂ ಸೇರಬೇಕಿಲ್ಲ. ಮೊದಲ ಬಸ್ಸು ಮಂಟಪದ ಮುಂದೆ ಬಂದು ನಿಲ್ಲುವ ಮುಂಚೆ ಈ ಕೆಲಸ ಮುಗಿದಿರಬೇಕು, ಏಕೆಂದರೆ ಅರ್ಧ ಗಂಟೆಗೆ ಐದು ತಂಡ ಎಂಬ ಪದ್ಧತಿ ಒಮ್ಮೆ ಕೂತುಬಿಟ್ಟರೆ, ಅಂದಿನ ಕೂಲಿಗೆ ಬಂದು ನಿಂತ ಕಲಾವಿದ ಅದನ್ನು ಬದಲಿಸಿ ಎಂದು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ.